ಕುಡಿದರೆ ಚಿಂತೆ ಹೋಗುತ್ತಾ?

"ಮನಸ್ಸಿಗೆ ಬೇಜಾರಮ್ಮ, ಅದಕ್ಕೇ ಕುಡಿದೆ" ಅಂತಾನೆ ಮಗ. ಕುಡಿದರೆ ಬೇಜಾರು ಹೋಗುತ್ತಾ? ಸ್ವಲ್ಪ ಹೊತ್ತು ಮರೆತ ಹಾಗಾಗುತ್ತೆ, ಅಷ್ಟೆ. ಅಮಲು ಇಳಿದ ಮೇಲೆ ಚಿಂತೆ, ಭಯ, ಸಿಟ್ಟು ಹೆಚ್ಚುತ್ತವೆ. ನಿದ್ದೆ ಕೆಡುತ್ತದೆ. ಆ ಬೇಜಾರಿಗೆ ಮತ್ತೆ ಕುಡಿತ. ಹೀಗೆ ಚಟ ಹತ್ತುತ್ತದೆ. ಸುಮಾರು 25 ವರ್ಷದ ತನಕ ಮಿದುಳು ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಎಳೆಯರಿಗೆ ಪೆಟ್ಟು ಜಾಸ್ತಿ.

ನಾವೇನು ಮಾಡೋಣ? ಅಮಲಿನಲ್ಲಿದ್ದಾಗ ಜಗಳ ಬೇಡ. ಬೆಳಿಗ್ಗೆ ಹತ್ತಿರ ಕೂರಿಸಿಕೊಂಡು ಕೇಳೋಣ. ದಿನಾ ಬಹಳ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಗಬಹುದು, ಫಿಟ್ಸ್ ಬರಬಹುದು. ಡಾಕ್ಟರನ್ನು ಕೇಳಿಯೇ ಬಿಡಿಸೋಣ. "ಸಾಯ್ತೀನಿ" ಅಂದರೆ ಒಬ್ಬನನ್ನೇ ಬಿಡಬಾರದು. 14416ಕ್ಕೆ ಫೋನ್ ಮಾಡೋಣ. ಇದು 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಕುಡಿತದ ಚಟವೂ ಒಂದು ಕಾಯಿಲೆ. ಅದಕ್ಕೆ ಮದ್ದಿದೆ.