ಇಂಚು ನಮ್ಮದು, ಸೌಲಭ್ಯ ಎರವಲು

2019ರ ಜನವರಿ 1ರಿಂದ 2025ರ ಸೆಪ್ಟೆಂಬರ್ 21ರವರೆಗೆ ಭಾರತ ಸರ್ಕಾರದ ಲೆಕ್ಕದಲ್ಲಿ ವಿಲಾಸವೆಂಬುದು 32 ಇಂಚಿನ ಆಚೆಗೆ ಆರಂಭವಾಗುತ್ತಿತ್ತು. ಪರದೆ 32 ಇಂಚಿನವರೆಗೆ ಇರುವ ಟಿ.ವಿ.ಗೆ ಶೇ 18ರಷ್ಟು ಸರಕು ಮತ್ತು ಸೇವಾ ತೆರಿಗೆ. ಅದಕ್ಕಿಂತ ದೊಡ್ಡದಕ್ಕೆ ಶೇ 28. ಪರದೆ ಚಿಕ್ಕದಾಗಿದ್ದರೆ ಒಳಗೆ ಅಂತರ್ಜಾಲ, ಧ್ವನಿಯ ಆಜ್ಞೆ, ಹತ್ತಾರು ಆ್ಯಪ್ ಏನೇ ಇರಲಿ, ಅದು ಸಾಮಾನ್ಯ ವಸ್ತು. ಇವು ಯಾವುದೂ ಇಲ್ಲದ 43 ಇಂಚಿನ ಟಿ.ವಿ. ಮಾತ್ರ ವಿಲಾಸದ ವಸ್ತು. ಬದುಕಿನ ಬಹುಭಾಗವನ್ನು ಸರ್ಕಾರಿ ಸೇವೆಯಲ್ಲಿ ಕಳೆದ ನನಗೆ ಇದು ವಿಚಿತ್ರವೆನಿಸಲಿಲ್ಲ. ಅಳೆಯಲು ಸುಲಭವಾದುದರ ಮೇಲೆ ತೆರಿಗೆ ಹಾಕುವುದು ಆಡಳಿತದ ಹಳೆಯ ರೂಢಿ. 2025ರ ಸೆಪ್ಟೆಂಬರ್ 22ರಂದು ಈ ಭೇದ ಅಳಿದು ಎಲ್ಲ ಟಿ.ವಿ.ಗಳೂ ಶೇ 18ರ ಸಾಲಿಗೆ ಬಂದವು. ಸರ್ಕಾರ ಕೈಬಿಟ್ಟ ಪ್ರಶ್ನೆ ಈಗ ಗ್ರಾಹಕನ ಹೆಗಲಿಗೆ ಬಂದಿದೆ: ಅದೇ ಹಣಕ್ಕೆ ದೊಡ್ಡ ಪರದೆಯೋ, ಹೆಚ್ಚು ಸೌಲಭ್ಯವೋ?

ನನ್ನ ಮಟ್ಟಿಗೆ ಈ ಪ್ರಶ್ನೆ ಎದ್ದದ್ದು ಕಂಪ್ಲಿಯಲ್ಲಿರುವ ನನ್ನ ಅಕ್ಕನ ದೆಸೆಯಿಂದ. ಅವರಿಗೀಗ 78 ವರ್ಷ, ಒಬ್ಬರೇ ಇದ್ದಾರೆ. ಎರಡೂ ಕಣ್ಣುಗಳ ಪೊರೆ ತೆಗೆಸಿಯಾಗಿದೆ. ಆದರೂ ಅಕ್ಷಿಪಟಲ ದುರ್ಬಲಗೊಂಡಿರುವುದರಿಂದ ಸಣ್ಣ ಅಕ್ಷರಗಳು ಕಾಣವು. ಹೊಸಪೇಟೆಯ ಅಂಗಡಿಯೊಂದರಲ್ಲಿ ನಮ್ಮ ಮುಂದೆ ಎರಡು ಟಿ.ವಿ.ಗಳಿದ್ದವು, ಬೆಲೆ ಹೆಚ್ಚುಕಡಿಮೆ ಒಂದೇ. ಒಂದು 43 ಇಂಚಿನದು: 4ಕೆ ಸೂಕ್ಷ್ಮತೆ, ಬಣ್ಣದ ವಿಶೇಷ ತಂತ್ರ, ಮಾತಿಗೆ ಓಗೊಡುವ ರಿಮೋಟು, ಮೊಬೈಲ್ ಫೋನಿನ ಚಿತ್ರವನ್ನು ಪರದೆಗೆ ತರುವ ವ್ಯವಸ್ಥೆ. ಇನ್ನೊಂದು 55 ಇಂಚಿನದು. ಅಂಗಡಿಯವರ ಮಾತಿನಲ್ಲಿ ‘ಅದರಲ್ಲಿ ಅಂಥಾದ್ದೇನೂ ಇಲ್ಲ ಸರ್.’ ಬೆಂಗಳೂರಿನ ಸೋದರಳಿಯ ಫೋನಿನಲ್ಲಿ ಮೊದಲನೆಯದರ ಪರವಾಗಿ ವಾದಿಸಿದ. ಅಕ್ಕ ಹೇಳಿದ್ದು ಇಷ್ಟೆ: ‘ತಮ್ಮಾ, ನನಗೆ ಕಾಣಬೇಕು, ನಾನೇ ಹಾಕ್ಕೋಬೇಕು.’

ಇದು ಮನರಂಜನೆಯ ಮಾತಷ್ಟೇ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಅಳವಡಿಸಿ ನೀರು ತಡೆಯುವ ಹೊತ್ತಿಗೆ ಸುಮಾರು ಒಂದು ವಾರ ಹಿಡಿಯಿತು. ಹೊಸಪೇಟೆಯವರಾದ ನಾವು ಜಲಾಶಯದ ಬಳಿಗೇ ಹೋಗಿ ನೋಡಿ ಬರಬಹುದಿತ್ತು. ಕಂಪ್ಲಿ ಹಾಗಲ್ಲ, ಅದು ನದಿಯ ಕೆಳಭಾಗದ ಊರು. ಹೆಚ್ಚು ನೀರು ಬಿಟ್ಟರೆ ಕಂಪ್ಲಿ-ಗಂಗಾವತಿ ಸೇತುವೆ ಮುಳುಗುತ್ತದೆ, ನದಿದಂಡೆಯ ಮನೆಗಳವರು ಗಂಟುಮೂಟೆ ಕಟ್ಟಬೇಕಾಗುತ್ತದೆ. ಎಷ್ಟು ಕ್ಯುಸೆಕ್ ನೀರು ಹೊರಬಿಡಲಾಗಿದೆ ಎಂಬುದು ಟಿ.ವಿ. ಪರದೆಯ ಅಡಿಯಲ್ಲಿ ಓಡುವ ಸಾಲಿನಲ್ಲಿತ್ತು. ಅಕ್ಕನ ಹಳೆಯ 32 ಇಂಚಿನ ಪರದೆಯಲ್ಲಿ ಆ ಸಾಲು ಅವರಿಗೆ ಬರಿಯ ಬಿಳಿಯ ಗೆರೆ. ‘ಎಷ್ಟು ಬಿಟ್ಟಾರಂತೆ?’ ಎಂದು ಅವರು ಗಂಟೆಗೊಮ್ಮೆ ನನಗೆ ಫೋನು ಮಾಡುತ್ತಿದ್ದರು. ತಾನಿರುವ ಊರಿನ ನೀರಿನ ಮಟ್ಟವನ್ನು ಮೂವತ್ತು ಕಿಲೋಮೀಟರು ಆಚೆಯ ತಮ್ಮನಿಂದ ಕೇಳಿ ತಿಳಿಯಬೇಕಾದ ಪರಾಧೀನತೆ ಅದು.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಓದಿದ ಕೆಲ್ವಿನ್ ಲ್ಯಾಂಕಾಸ್ಟರ್ ಅವರ 1966ರ ಪ್ರಬಂಧವೊಂದು ಇಲ್ಲಿ ನೆರವಿಗೆ ಬರುತ್ತದೆ. ಗ್ರಾಹಕ ಬಯಸುವುದು ವಸ್ತುವನ್ನಲ್ಲ, ಆ ವಸ್ತುವಿನಲ್ಲಿರುವ ಗುಣಗಳನ್ನು ಎಂಬುದು ಅವರ ವಾದ. ಟಿ.ವಿ. ಎಂದರೆ ಹಲವು ಗುಣಗಳ ಗಂಟು. ಆದುದರಿಂದ ಯಾವ ಟಿ.ವಿ. ಉತ್ತಮ ಎಂದು ಕೇಳುವುದಕ್ಕಿಂತ, ಆ ಗಂಟಿನಲ್ಲಿ ನಮಗೆ ಬೇಕಾದ ಗುಣ ಯಾವುದು, ಅದು ಎಷ್ಟು ಕಾಲ ಉಳಿದೀತು ಎಂದು ಕೇಳುವುದು ಮೇಲು.

ಮೊದಲು ಗಾತ್ರವನ್ನು ನೋಡೋಣ. ಟಿ.ವಿ.ಯ ಇಂಚು ಎಂದರೆ ಪರದೆಯ ಮೂಲೆಯಿಂದ ಮೂಲೆಗೆ ಇರುವ ಅಳತೆ. ಮೂಲೆಯ ಅಳತೆ ಹೆಚ್ಚಿದಂತೆ ವಿಸ್ತೀರ್ಣ ಅದರ ವರ್ಗದಷ್ಟು ಹೆಚ್ಚುತ್ತದೆ. 32ರಿಂದ 43ಕ್ಕೆ ಹೋದರೆ ಚಿತ್ರದ ವಿಸ್ತೀರ್ಣ 1.8 ಪಟ್ಟಾಗುತ್ತದೆ, 55ಕ್ಕೆ ಹೋದರೆ ಹೆಚ್ಚುಕಡಿಮೆ ಮೂರು ಪಟ್ಟು. ಹಳೆಯ ಪರದೆಯಲ್ಲಿ ಒಂದು ಇಂಚು ಎತ್ತರವಿದ್ದ ಅಕ್ಷರ 55 ಇಂಚಿನ ಪರದೆಯಲ್ಲಿ 1.7 ಇಂಚಾಗುತ್ತದೆ. ದುರ್ಬಲ ಕಣ್ಣಿಗೆ ಇದು ಕನ್ನಡಕದಿಂದ ಸಿಗದ ಉಪಕಾರ. ಖರ್ಚಿಲ್ಲದ ಇನ್ನೊಂದು ಉಪಾಯವೂ ಇದೆ ಎಂಬುದನ್ನು ಒಪ್ಪಬೇಕು: ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರಾಯಿತು. ಹತ್ತು ಅಡಿಯಿಂದ ಐದು ಅಡಿಗೆ ಬಂದರೆ ಅಕ್ಷರ ಕಣ್ಣಿಗೆ ಎರಡು ಪಟ್ಟಾಗಿ ಕಾಣುತ್ತದೆ. ಆದರೆ ಸಂಜೆಯ ಹೊತ್ತು ನೆರೆಯ ನಾಲ್ವರು ಹೆಂಗಸರು ಬಂದು ಕೂರುವ ಮನೆಯಲ್ಲಿ ಹಿರಿಯಳೊಬ್ಬಳು ಎಲ್ಲರಿಗೂ ಅಡ್ಡವಾಗಿ ಪರದೆಯ ಮುಂದೆ ಕೂರುವುದಿಲ್ಲ.

ಇನ್ನು ಅಂಗಡಿಯವರು ಮೊದಲು ತೋರಿಸುವ ಸೂಕ್ಷ್ಮತೆಯ ವಿಚಾರ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟನ್ನು ಬಿಡಿಸಿ ನೋಡಬಲ್ಲದು ಎಂಬುದು ಕಣ್ಣಿನ ವೈದ್ಯರು ಒಪ್ಪಿದ ಸಾಮಾನ್ಯ ಅಳತೆ. ಹತ್ತು ಅಡಿ ದೂರದಲ್ಲಿ ಇದು ಸುಮಾರು 0.9 ಮಿಲಿಮೀಟರು. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದೊಂದು ಚುಕ್ಕೆಯ ಅಗಲ ಅರ್ಧ ಮಿಲಿಮೀಟರು. 4ಕೆ ಪರದೆಯಲ್ಲಿ ಅದರ ಅರ್ಧ. ಎಂದರೆ ಹತ್ತು ಅಡಿ ದೂರದಿಂದ ನೋಡುವವರಿಗೆ ಫುಲ್ ಎಚ್‌ಡಿಯ ಚುಕ್ಕೆಯೇ ಬಿಡಿಯಾಗಿ ಕಾಣದು. ಅದನ್ನು ಇನ್ನೂ ಸಣ್ಣದಾಗಿಸಿ ಪ್ರಯೋಜನವೇನು? ಅಂಗಡಿಯಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುವುದೇಕೆಂದರೆ ಅಲ್ಲಿ ನಾವು ಎರಡು ಅಡಿ ದೂರದಲ್ಲಿ ನಿಂತಿರುತ್ತೇವೆ. ಅಲ್ಲಿ ಟಿ.ವಿ.ಯನ್ನು ಮನೆಯಲ್ಲಿ ಎಂದೂ ಇಡದಷ್ಟು ಪ್ರಖರತೆಯಲ್ಲಿ ಇಟ್ಟಿರುತ್ತಾರೆ; ಓಡುವ ಚಿತ್ರವೂ ಅದಕ್ಕೆಂದೇ ತಯಾರಾದದ್ದು. ಧಾರಾವಾಹಿ ಮತ್ತು ವಾರ್ತೆಗಳ ಸಾಮಾನ್ಯ ಚಾನೆಲ್ಲುಗಳು 4ಕೆಯಲ್ಲಿ ಬರುವುದೂ ಇಲ್ಲ.

ಸೌಲಭ್ಯಗಳ ನಿಜವಾದ ತೊಡಕು ಬೇರೆಯೇ ಇದೆ. ಪರದೆಯ ಇಂಚು ಕೊಂಡವರ ಸ್ವಂತ ಆಸ್ತಿ; ಇಂದು 55 ಇದ್ದದ್ದು ಎಂಟು ವರ್ಷದ ಬಳಿಕವೂ 55. ಸೌಲಭ್ಯವಾದರೋ ಬೇರೊಬ್ಬರು ತಂತ್ರಾಂಶವನ್ನು ಪರಿಷ್ಕರಿಸುತ್ತಿರುವಷ್ಟು ಕಾಲ ಮಾತ್ರ ನಮ್ಮದು. 2019ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು 2010-11ರ ಕೆಲವು ಸ್ಯಾಮ್‌ಸಂಗ್ ಟಿ.ವಿ.ಗಳಿಗೆ ತನ್ನ ಸೇವೆಯನ್ನು ನಿಲ್ಲಿಸಿತು. ಪರದೆ ಚೆನ್ನಾಗಿಯೇ ಇತ್ತು. ಸೌಲಭ್ಯದ ಆಯುಸ್ಸು ಮುಗಿದಿತ್ತು. ಹಾಗೆ ಮುಗಿದರೆ ಹೊರಗಿನಿಂದ ಒಂದು ಪುಟ್ಟ ಸ್ಟಿಕ್ ತಂದು ಟಿ.ವಿ.ಯ ಹಿಂದೆ ಚುಚ್ಚಿಕೊಳ್ಳಬಹುದು. ಆದರೆ 43 ಇಂಚಿನ ಪರದೆಗೆ ಹೊರಗಿನಿಂದ 12 ಇಂಚು ಸೇರಿಸುವ ಸ್ಟಿಕ್ ಯಾವ ಅಂಗಡಿಯಲ್ಲೂ ಸಿಗದು. ಆಮೇಲೆ ಸೇರಿಸಲಾಗದ್ದಕ್ಕೆ ಮೊದಲು ಹಣ ಹಾಕಬೇಕು ಎಂಬುದು ಮನೆ ಕಟ್ಟಿಸಿದವರಿಗೆಲ್ಲ ತಿಳಿದ ವಿವೇಕ. ಬಣ್ಣವನ್ನು ಮುಂದೆ ಬಳಿಸಬಹುದು, ಅಡಿಪಾಯವನ್ನಲ್ಲ.

ಸೌಲಭ್ಯ ಇಷ್ಟು ಅಗ್ಗವಾಗಿ ದೊರೆಯುವುದೇಕೆ ಎಂಬುದನ್ನೂ ಕೇಳಬೇಕು. ವೀಕ್ಷಕರ ಸಮ್ಮತಿಯಿಲ್ಲದೆ ಅವರು ನೋಡುತ್ತಿದ್ದುದನ್ನೆಲ್ಲ ದಾಖಲಿಸಿಕೊಂಡ ಆರೋಪದ ಮೇಲೆ 2017ರಲ್ಲಿ ಅಮೆರಿಕದ ವಿಜಿಯೊ ಎಂಬ ಟಿ.ವಿ. ಕಂಪನಿ 22 ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಆ ಪ್ರಕರಣದಲ್ಲಿ ಸಿಲುಕಿದ್ದ ಟಿ.ವಿ.ಗಳು 1 ಕೋಟಿ 10 ಲಕ್ಷ. 2024ರ ಡಿಸೆಂಬರಿನಲ್ಲಿ ಅದೇ ಕಂಪನಿಯನ್ನು ಸುಮಾರು 230 ಕೋಟಿ ಡಾಲರಿಗೆ ಕೊಂಡದ್ದು ಚಿಲ್ಲರೆ ವ್ಯಾಪಾರದ ದೈತ್ಯ ಸಂಸ್ಥೆ ವಾಲ್‌ಮಾರ್ಟ್. ದಿನಸಿ ಮಾರುವವರಿಗೆ ಟಿ.ವಿ. ಕಂಪನಿ ಏಕೆ? ಪರದೆಯ ಮೇಲೆ ಜಾಹೀರಾತು ತೋರಿಸುವ ಹಕ್ಕಿಗಾಗಿ. ಪುಕ್ಕಟೆಯಂತೆ ಕಾಣುವ ಸೌಲಭ್ಯದ ಬೆಲೆಯನ್ನು ನಾವು ತೆರುತ್ತಿದ್ದೇವೆ. ಅದು ರಸೀದಿಯಲ್ಲಿ ಕಾಣುವುದಿಲ್ಲ ಅಷ್ಟೆ.

ದೊಡ್ಡದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಈ ಸೀಮೆಯವರು ಗಾತ್ರದ ಹುಚ್ಚನ್ನು ಕಣ್ಣಾರೆ ಕಂಡವರು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂದ 2003ರ ನಂತರದ ವರ್ಷಗಳಲ್ಲಿ ಹೊಸಪೇಟೆ, ಸಂಡೂರುಗಳ ಕೆಲವು ಮನೆಗಳಲ್ಲಿ ನಡುಮನೆಗಿಂತ ಟಿ.ವಿ.ಯೇ ದೊಡ್ಡದೆಂಬಂತಿತ್ತು. ಅದು ನೋಡುವುದಕ್ಕಿಂತ ತೋರಿಸುವುದಕ್ಕೆ ತಂದ ಪರದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಮೇಲೆ ಆ ಅಬ್ಬರ ಇಳಿಯಿತು. ಇಂದು ದೊಡ್ಡ ಪರದೆ ಮಧ್ಯಮ ವರ್ಗದ ಕೈಗೆ ಎಟುಕುವಂತಾಗಿ ಅದರ ಪ್ರತಿಷ್ಠೆ ಕುಗ್ಗಿದೆ. ಪ್ರತಿಷ್ಠೆಯ ಜಾಗಕ್ಕೆ ಸೌಲಭ್ಯಗಳ ಪಟ್ಟಿ ಬಂದಿದೆ. ಕೋಣೆಯ ಅಳತೆಗೆ ಮೀರಿದ ಇಂಚು ಹೇಗೆ ವ್ಯರ್ಥವೋ, ಮನೆಮಂದಿ ಎಂದೂ ಒತ್ತದ ಗುಂಡಿಯೂ ಹಾಗೆಯೇ ವ್ಯರ್ಥ.

ಗುಂಡಿಯ ಮಾತು ಬಂದಾಗ ಐವತ್ತು ವರ್ಷಗಳ ಹಿಂದಿನ ಒಂದು ಪ್ರಯೋಗ ನೆನಪಾಗುತ್ತದೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ‘ಸೈಟ್’ ಎಂದೇ ಹೆಸರಾದ ಈ ಯೋಜನೆಯಲ್ಲಿ ಕರ್ನಾಟಕದಿಂದ ಸೇರಿದ್ದವು ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ನಮ್ಮಿಂದ ಹೊಳೆಯಾಚೆಗಿರುವ ಗಂಗಾವತಿ, ಕೊಪ್ಪಳಗಳೂ ಆಗ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಒಂದು ಹಳ್ಳಿಗೆ ಒಂದೇ ಪರದೆ, ಕೋಳಿಗೂಡಿನ ಬಲೆಯಂಥ ತಂತಿಯಿಂದ ಮಾಡಿದ ಆಂಟೆನಾ. ಆಯ್ಕೆ ಎಂಬುದೇ ಇರಲಿಲ್ಲ, ಆದರೆ ಟಿ.ವಿ. ಹೇಗೆ ಹಾಕಬೇಕೆಂದು ತಿಳಿಯದೆ ಯಾರೂ ಹೊರಗುಳಿಯಲಿಲ್ಲ. ಇಂದಿನ ಮನೆಗಳಲ್ಲಿ ಆಯ್ಕೆ ಅಪಾರ. ಆದರೆ ಟಿ.ವಿ. ಹಾಕಲು ಒಂದು ರಿಮೋಟು, ಸೆಟ್‌ಟಾಪ್ ಬಾಕ್ಸಿಗೆ ಇನ್ನೊಂದು, ನಡುವೆ ಯಾವುದೋ ಪಾಸ್‌ವರ್ಡು. ಮೊಮ್ಮಗ ಶಾಲೆಯಿಂದ ಬರುವವರೆಗೆ ಕಪ್ಪು ಪರದೆಯ ಮುಂದೆ ಕೂತಿರುವ ಹಿರಿಯರನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ. ಅವರು ದಡ್ಡರಲ್ಲ, ಬ್ಯಾಂಕಿನ ಪಾಸ್‌ಪುಸ್ತಕವನ್ನು ಪೈಸೆ ತಪ್ಪದಂತೆ ಓದಬಲ್ಲವರು. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ಯಂತ್ರವನ್ನು ರೂಪಿಸಲಾಗಿದೆ.

ಸೋದರಳಿಯನ ವಾದದಲ್ಲಿಯೂ ಹುರುಳಿತ್ತು. ಯೂಟ್ಯೂಬಿನಲ್ಲಿ ಹಳೆಯ ನಾಟಕ, ಹರಿಕಥೆಗಳು ಸಿಗುತ್ತವೆ. ಮಕ್ಕಳ ಮುಖವನ್ನು ದೊಡ್ಡದಾಗಿ ನೋಡಬಹುದು. ನಿಜವಾಗಿ ಕೆಲಸವನ್ನು ಹಗುರಗೊಳಿಸುವ ಸೌಲಭ್ಯಗಳೂ ಇವೆ. ಉಪಗ್ರಹದ ಸಂಕೇತವನ್ನು ನೇರವಾಗಿ ಹಿಡಿಯುವ ಟ್ಯೂನರನ್ನು ಟಿ.ವಿ.ಯೊಳಗೇ ಅಳವಡಿಸುವುದಕ್ಕೆ ಭಾರತೀಯ ಮಾನಕ ಬ್ಯೂರೋ 2022ರ ಮಾನಕವೊಂದನ್ನು ರೂಪಿಸಿದೆ. ಅಂಥ ಟಿ.ವಿ. ಇದ್ದರೆ 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಟಿಎಚ್ ಸೇವೆಯ ಚಾನೆಲ್ಲುಗಳನ್ನು ಪ್ರತ್ಯೇಕ ಸೆಟ್‌ಟಾಪ್ ಬಾಕ್ಸಿಲ್ಲದೆ, ಒಂದೇ ರಿಮೋಟಿನಿಂದ ನೋಡಬಹುದು. ಒಂದು ರಿಮೋಟನ್ನು ಕಡಿಮೆ ಮಾಡುವ ಸೌಲಭ್ಯಕ್ಕೆ ನನ್ನ ಮತವಿದೆ. ಹೊಸದೊಂದನ್ನು ಕಲಿಯುವಂತೆ ಮಾಡುವ ಸೌಲಭ್ಯಕ್ಕೆ ಅನುಮಾನವಿದೆ.

ಕಡೆಗೆ 55 ಇಂಚಿನದನ್ನೇ ತಂದೆವು. ಹಾಕಿದೊಡನೆ ನೇರವಾಗಿ ಚಾನೆಲ್ಲುಗಳೇ ಬರುವಂತೆ ಅದನ್ನು ಹೊಂದಿಸಿ, ಬೇಡದ ಗುಂಡಿಗಳ ಮೇಲೆ ಬಿಳಿಯ ಟೇಪು ಅಂಟಿಸಿದೆ. ಗೋಡೆಯಿಂದ ಅಕ್ಕನ ಕುರ್ಚಿಗೆ ಒಂಬತ್ತು ಅಡಿ. ಈಗ ಓಡುವ ಸಾಲನ್ನು ಅವರು ಗಟ್ಟಿಯಾಗಿ ಓದಿ ನೆರೆಯವರಿಗೂ ಹೇಳುತ್ತಾರಂತೆ.

ಆದರೆ ಪ್ರತಿ ಮನೆಗೂ ಟೇಪು ಅಂಟಿಸುವ ತಮ್ಮನಿರುವುದಿಲ್ಲ; ಅಲ್ಲಿ ಕಾನೂನು ನೆರವಿಗೆ ಬರಬೇಕು. ನಮ್ಮಲ್ಲಿ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸಗಳನ್ನು ಮುದ್ರಿಸಲೇಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಹೇಳುತ್ತವೆ. ವಿದ್ಯುತ್ ಎಷ್ಟು ಉಳಿಯುತ್ತದೆಂದು ತಿಳಿಸಲು ನಕ್ಷತ್ರಗಳ ಚೀಟಿ ಇದೆ. ಸೌಲಭ್ಯ ಎಷ್ಟು ವರ್ಷ ಬಾಳುತ್ತದೆಂದು ತಿಳಿಸುವ ಒಂದು ಸಾಲೂ ಡಬ್ಬಿಯ ಮೇಲೆ ಇರುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಅಂತರ್ಜಾಲಕ್ಕೆ ಜೋಡಿಸಬಹುದಾದ ಟಿ.ವಿ.ಯಂಥ ಉಪಕರಣಗಳಿಗೆ ಸುರಕ್ಷತಾ ಪರಿಷ್ಕರಣೆಯನ್ನು ಕನಿಷ್ಠ ಎಷ್ಟು ಕಾಲ ಒದಗಿಸಲಾಗುವುದೆಂದು ತಯಾರಕರು ಮೊದಲೇ ಪ್ರಕಟಿಸಬೇಕಾಗಿದೆ. ಅಂಥದೊಂದು ನಿಯಮ ನಮಗೂ ಬೇಕು. ‘ಈ ಟಿ.ವಿ.ಯ ತಂತ್ರಾಂಶವನ್ನು ಇಂಥ ವರ್ಷದವರೆಗೆ ಪರಿಷ್ಕರಿಸಲಾಗುವುದು’ ಎಂಬ ಒಂದು ಸಾಲು, ಬೆಲೆಯ ಪಕ್ಕದಲ್ಲಿ, ಕನ್ನಡದಲ್ಲಿಯೂ, ವಯಸ್ಸಾದವರು ಓದಬಲ್ಲಷ್ಟು ದೊಡ್ಡ ಅಕ್ಷರದಲ್ಲಿ ಇರಲಿ. ಸರ್ಕಾರಕ್ಕೆ ಇದರಿಂದ ಒಂದು ರೂಪಾಯಿಯ ಹೊರೆಯೂ ಇಲ್ಲ.

ಅಲ್ಲಿಯವರೆಗೆ ಟಿ.ವಿ. ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಎರಡು ಕೆಲಸ ಮಾಡಬಹುದು. ಕುರ್ಚಿಯಿಂದ ಗೋಡೆಗೆ ಎಷ್ಟು ದೂರವೆಂದು ಟೇಪಿನಿಂದ ಅಳೆದುಕೊಳ್ಳುವುದು ಒಂದು. ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವವರು ಯಾರು, ಅವರ ಕಣ್ಣು, ಕೈ ಹೇಗಿವೆ ಎಂದು ವಿಚಾರಿಸುವುದು ಇನ್ನೊಂದು. ಟಿ.ವಿ.ಯ ಗಾತ್ರವನ್ನೂ ಸೌಲಭ್ಯವನ್ನೂ ಅವರೇ ನಿರ್ಧರಿಸಲಿ.