ಟೈಲ್ಸ್ ಹೊಳೆದರೆ ಸಾಲದು

ನಮ್ಮ ಬಚ್ಚಲುಮನೆಗೆ ಟೈಲ್ಸ್ ಹಾಕಿಸಿ ಎರಡು ವರ್ಷ ತುಂಬುವುದರೊಳಗೆ ಪಕ್ಕದ ಮಲಗುವ ಕೋಣೆಯ ಗೋಡೆಗೆ ತೇವ ಹತ್ತಿತು. ಬಣ್ಣ ಹಪ್ಪಳದಂತೆ ಎದ್ದು ಉದುರತೊಡಗಿತು. ‘ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಸರಿಹೋಗುತ್ತೆ ಮೇಷ್ಟ್ರೇ’ ಎಂದರು ಮೇಸ್ತ್ರಿ. ಎರಡು ಸಲ ತುಂಬಿಸಿದ್ದಾಯಿತು. ಗೋಡೆ ಮಾತ್ರ ಒಣಗಲಿಲ್ಲ. ಲೋಮನಾಳ ಕ್ರಿಯೆಯನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳಿಕೊಡುವ ನನಗೆ ಮನೆಯ ಗೋಡೆಯೇ ಆ ಪಾಠ ಮಾಡಿತು!

ಟೈಲ್ಸ್ ಹಾಕಿದರೆ ನೀರು ಇಳಿಯುವುದಿಲ್ಲ ಎಂಬುದು ತಪ್ಪು ಕಲ್ಪನೆ. ಮೆರುಗಿನ ಬಿಲ್ಲೆಯ ಮೂಲಕ ನೀರು ಇಳಿಯದು, ನಿಜ. ಆದರೆ ಬಿಲ್ಲೆಗಳ ನಡುವಿನ ಸಿಮೆಂಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಗಾರೆ, ಇಟ್ಟಿಗೆಗಳು ನೀರನ್ನು ಎಳೆದುಕೊಳ್ಳುತ್ತವೆ. ಅದು ತಾರಸಿಯ ಕಬ್ಬಿಣದ ಸರಳನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಗಾತ್ರ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು. ಅದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ.

ಹಾಗಾಗಿ ನೀರಿಗೆ ತಡೆ ಇರಬೇಕಾದುದು ಟೈಲ್ಸಿನ ಕೆಳಗೆ. ಪೈಪಿನ ಕೆಲಸ ಮುಗಿದ ಮೇಲೆ ನೆಲವನ್ನು ಚೊಕ್ಕಟ ಮಾಡಿಸಿ. ನೆಲ, ಗೋಡೆ ಸೇರುವ ಮೂಲೆಯನ್ನು ಗಾರೆಯಿಂದ ಗುಂಡಗಾಗಿಸಿ. ಪೈಪು, ಜಾಲರಿಗಳ ಸುತ್ತಲಿನ ಸಂದುಗಳನ್ನು ಮುಚ್ಚಿಸಿ. ಸೋರಿಕೆ ಹೆಚ್ಚಾಗಿ ಶುರುವಾಗುವುದೇ ಅಲ್ಲಿ. ಅನಂತರ ಸಿಮೆಂಟ್-ಪಾಲಿಮರ್ ಲೇಪನವನ್ನು ಒಮ್ಮೆ ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಮ್ಮೆ ಅಡ್ಡಕ್ಕೆ ಬಳಿಸಬೇಕು. ಗೋಡೆಯ ಮೇಲೂ ಅದು ಒಂದಡಿ ಏರಲಿ. ಷವರ್ ಇರುವ ಕಡೆ ತಲೆಯ ಎತ್ತರವನ್ನು ದಾಟಲಿ.

ಇನ್ನು ಪರೀಕ್ಷೆ. ಲೇಪನ ಪೂರ್ತಿ ಗಟ್ಟಿಯಾದ ಮೇಲೆ ಜಾಲರಿಯ ಬಾಯಿ ಮುಚ್ಚಿ, ಎರಡು ಅಂಗುಲ ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಪಕ್ಕದಲ್ಲೇ ನೇರ ಅಂಚಿನ ಪಾತ್ರೆಯೊಂದರಲ್ಲಿ ಅಷ್ಟೇ ಆಳದ ನೀರಿಡಿ. 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಟ್ಟು ಎರಡನ್ನೂ ಅಳೆಯಿರಿ. ಪಾತ್ರೆಯಲ್ಲಿ ಕಡಿಮೆಯಾದದ್ದು ಆವಿಯಾದ ನೀರು. ನೆಲದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಉಳಿದದ್ದು ಸೋರಿಕೆ! ಕೆಳಗೆ ಮನೆಯಿದ್ದರೆ ಅದರ ಸೂರನ್ನೂ ನೋಡಿ ಬನ್ನಿ.

ಇದರಲ್ಲಿ ಪಾಸಾದ ಮೇಲಷ್ಟೇ ಟೈಲ್ಸ್. ನಾಲ್ಕು ಅಡಿಗೆ ಅರ್ಧ ಅಂಗುಲದಂತೆ ಜಾಲರಿಯ ಕಡೆಗೆ ಇಳಿಜಾರಿರಲಿ. ಬಿಲ್ಲೆಯ ಅಡಿಯಲ್ಲಿ ಪೊಳ್ಳಿರಬಾರದು. ನಾಣ್ಯದಿಂದ ತಟ್ಟಿದರೆ ಸದ್ದೇ ಹೇಳುತ್ತದೆ.

ಕೊನೆಗೆ ನಾನು ಎಲ್ಲವನ್ನೂ ಅಗೆಸಿ ಮೊದಲಿನಿಂದ ಮಾಡಿಸಿದೆ. ಗೋಡೆ ಒಣಗಿತು, ಖರ್ಚು ಮಾತ್ರ ಎರಡು ಪಟ್ಟಾಯಿತು. ಮೊದಲೇ ಎರಡು ದಿನ ಕಾದಿದ್ದರೆ ಅದು ಉಳಿಯುತ್ತಿತ್ತು. ಮೇಸ್ತ್ರಿ ಅವಸರ ಮಾಡಿದರೂ ನೀವು ಮಾತ್ರ ಕಾಯಿರಿ.