ನಂಬದವನಿಗೂ ಒಲಿಯುವ ನಾದ

ಮುಂಬಯಿಯ ಕನ್ನಡ ಸಂಘಗಳಿಗೆ ದಾಸವಾಣಿ, ವಚನ ಗಾಯನ, ಭಜನೆಗಳು ಹೊಸತಲ್ಲ. ಅಲ್ಲಿ ಕಣ್ಣು ಮುಚ್ಚಿ ತಲೆದೂಗುವವರೆಲ್ಲ ದೈವಭಕ್ತರೆಂದು ತಿಳಿಯಬೇಕಾಗಿಲ್ಲ. ನನ್ನಂತಹ ನಾಸ್ತಿಕರೂ ಅವರ ನಡುವೆ ಇರುತ್ತಾರೆ. "ದೇವರನ್ನೇ ನಂಬದ ನಿಮಗೆ ದೇವರ ಹಾಡಿನಲ್ಲೇನು ಕೆಲಸ ಮಾರಾಯ್ರೆ?" ಎಂದು ಮಿತ್ರರು ತಮಾಷೆಗೆ ಕೇಳುವುದುಂಟು. ಪ್ರಶ್ನೆ ತಮಾಷೆಯದಾದರೂ ಉತ್ತರವನ್ನು ಯೋಚಿಸಿಯೇ ಹೇಳಬೇಕಾಗುತ್ತದೆ.

ತಂಬೂರಿಯನ್ನೇ ನೋಡಿ. ಅದಕ್ಕೆ ನಾಲ್ಕು ತಂತಿಗಳು. ಸಾಮಾನ್ಯವಾಗಿ ಒಂದು ಪಂಚಮಕ್ಕೆ, ಎರಡು ಷಡ್ಜಕ್ಕೆ, ಕೊನೆಯದು ಮಂದ್ರ ಷಡ್ಜಕ್ಕೆ. ಗಾಂಧಾರಕ್ಕೆಂದು ತಂತಿಯೇ ಇಲ್ಲ. ಆದರೂ ಶ್ರುತಿ ಸರಿಯಾಗಿ ಕೂಡಿದರೆ ಗಾಂಧಾರ ತಾನಾಗಿಯೇ ಕೇಳಿಸುತ್ತದೆ. ಸಂಗೀತಗಾರರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಇದು ಪವಾಡವಲ್ಲ. ಮಂದ್ರ ತಂತಿಯ ಮೂಲ ಕಂಪನದ ಐದು ಪಟ್ಟಿನಲ್ಲಿ ಆ ಸ್ವರ ಅಡಗಿದೆ. ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸುವ ದಾರದ ಎಳೆ ಅದನ್ನು ಹೊರಗೆ ತರುತ್ತದೆ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾದರೆ ಪುಸ್ತಕ ಮುಚ್ಚುವುದು ನಮ್ಮ ರೂಢಿ. ಇಲ್ಲಿ ಲೆಕ್ಕ ತಾಳೆಯಾದ ಮೇಲೂ ಬೆರಗು ಉಳಿಯುತ್ತದೆ. ಆ ಉಳಿಕೆಯನ್ನೇ ನಾನು ಅಧ್ಯಾತ್ಮ ಎಂದುಕೊಂಡಿದ್ದೇನೆ.

ತಾಯಿ ತೀರಿಕೊಂಡಾಗ ಕರ್ಮಾಂತರಗಳೆಲ್ಲ ಶಾಸ್ತ್ರಪ್ರಕಾರ ನಡೆದವು. ನನ್ನ ಮನಸ್ಸು ಮಾತ್ರ ಕಲ್ಲಾಗಿತ್ತು. ಒಂದು ರಾತ್ರಿ ಪಂಡಿತ್ ಭೀಮಸೇನ ಜೋಶಿಯವರ ದಾಸರ ಪದಗಳ ಕ್ಯಾಸೆಟ್ ಹಾಕಿದೆ. ಆಗ ಅಳು ಬಂತು. ದೇವರಿದ್ದಾನೆ ಎಂದು ಅನಿಸಿದ್ದರಿಂದಲ್ಲ. ನನ್ನ ದುಃಖಕ್ಕಿಂತ ದೊಡ್ಡದೊಂದು ಆ ದನಿಯಲ್ಲಿ ಇತ್ತು.

ಮುಂಬಯಿಯಲ್ಲಿ ಪ್ರೊ. ಬಿ.ಆರ್. ದೇವಧರ್ ಅವರಲ್ಲಿ ಕಲಿತ ಕುಮಾರ ಗಂಧರ್ವರು ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು. ಹುಟ್ಟಿದ್ದು 1924ರಲ್ಲಿ. ಕ್ಷಯರೋಗ ತಗುಲಿ 1948ರಲ್ಲಿ ಮಧ್ಯಪ್ರದೇಶದ ದೇವಾಸ್‌ಗೆ ಹೋದರು. ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಮಾಳವದ ಜಾನಪದ ಗೀತೆಗಳನ್ನು ಆಲಿಸಿದರು. ಚೇತರಿಸಿಕೊಂಡ ಮೇಲೆ ಅವರು ಹಾಡಿದ ಕಬೀರರ ನಿರ್ಗುಣ ಭಜನೆಗಳು ಮನೆಮಾತಾದವು. ರೂಪವಿಲ್ಲದ ದೇವರನ್ನು ಕುರಿತ ಆ ಹಾಡುಗಳಿಗೂ ನಂಬದವನ ಮೌನಕ್ಕೂ ನಡುವಿನ ಗೋಡೆ ಬಲು ತೆಳುವಾದದ್ದು.

ಇನ್ನು ಗುರುಪರಂಪರೆಯನ್ನು ಗಮನಿಸಿದರೆ, ಭೀಮಸೇನರ ಗುರು ಸವಾಯಿ ಗಂಧರ್ವರು; ಅವರ ಗುರು ಅಬ್ದುಲ್ ಕರೀಂ ಖಾನರು. ವಚನಗಳನ್ನು ಹೃದಯ ತುಂಬಿ ಹಾಡಿದ ಮಲ್ಲಿಕಾರ್ಜುನ ಮನಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರ ಶಿಷ್ಯರು. ದಾಸರ ಪದವನ್ನೂ ವಚನವನ್ನೂ ಹಾಡಿದ ಕಂಠಗಳನ್ನು ತಿದ್ದಿದವರ ಮತ ಬೇರೆಯೇ ಆಗಿತ್ತು. ರಾಗವು ಮತವನ್ನು ಕೇಳಲಿಲ್ಲ, ನಂಬಿಕೆಯನ್ನೂ ಕೇಳಲಾರದು.

ನಮ್ಮ ಮಕ್ಕಳಲ್ಲಿ ಪೂಜೆ ಪುನಸ್ಕಾರಗಳಿಂದ ದೂರ ಸರಿದವರು ಅನೇಕರಿದ್ದಾರೆ. ಭಜನೆ ಎಂದರೆ ಭಕ್ತರಿಗೆ ಮಾತ್ರ ಎಂದು ಅವರು ಸಂಘದ ಮೆಟ್ಟಿಲನ್ನೂ ಹತ್ತುವುದಿಲ್ಲ. ಅವರೊಡನೆ ವಾದಕ್ಕಿಳಿಯದೆ, ಮುಂದಿನ ಕಾರ್ಯಕ್ರಮಕ್ಕೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಕೈ ಮುಗಿಯಿರಿ ಎನ್ನುವುದು ಬೇಡ. ಮೊಬೈಲು ಆರಿಸಿ, ತಂಬೂರಿಗೆ ಕಿವಿಗೊಟ್ಟರೆ ಸಾಕು. ಯಾರೂ ಮೀಟದ ಆ ಗಾಂಧಾರ ಅವರಿಗೂ ಕೇಳಿಸೀತು.